ಪಗಾರ ಬಾಕಿ, ಕೆಲಸವೂ ಹೋಯಿತು: ಯಾವ ಬಾಗಿಲು ತಟ್ಟುವುದು?

"ಲೇಬರ್ ಆಫೀಸಿಗೆ ಹೋಗಲೋ, ವಕೀಲರನ್ನು ಹಿಡಿಯಲೋ?" ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ನನ್ನನ್ನು ಹೀಗೆ ಕೇಳಿದರು. ಒಬ್ಬರು ಬೆಳಗಾವಿಯ ಉದ್ಯಮಬಾಗದಲ್ಲಿ ಏಳು ವರ್ಷ ಅಚ್ಚು ಕಟ್ಟಿದ ಮೋಲ್ಡರ್. ಹಬ್ಬದ ಮರುದಿನ ಗೇಟಿನಲ್ಲಿ ತಡೆದು "ನಾಳೆಯಿಂದ ಬರಬೇಡ" ಎಂದಿದ್ದರು. ಇನ್ನೊಬ್ಬರು ಮುಧೋಳ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಮೂವತ್ತೆರಡು ಸಾವಿರ ಪಗಾರದ ಮೇಲ್ವಿಚಾರಕರು. ನುರಿಯುವ ಹಂಗಾಮು ಮುಗಿದಿತ್ತು, ಮೂರು ತಿಂಗಳ ಪಗಾರ ಬಂದಿರಲಿಲ್ಲ. ಮೂರನೆಯವರು ಬನಹಟ್ಟಿಯಲ್ಲಿ ಬೇರೆಯವರ ವಿದ್ಯುತ್ ಮಗ್ಗ ನಡೆಸುವ ನೇಕಾರರು. ಮಾಲೀಕರು ಹಳೆಯ ಮುಂಗಡದ ಲೆಕ್ಕ ತೋರಿಸಿ ಆರು ವಾರದ ಮಜೂರಿಯನ್ನು ಪೂರ್ತಿ ಮುರಿದುಕೊಂಡಿದ್ದರು.

ನಾನು ವಕೀಲನಲ್ಲ. ಹದಿನಾಲ್ಕು ವರ್ಷ ಒಂದು ಎರಕದ ಕಾರ್ಖಾನೆಯ ಹಾಜರಿ ಮತ್ತು ಪಗಾರದ ಪುಸ್ತಕ ಬರೆದವನು. ಮೇಜಿನ ಆಚೆ ಬದಿಯ ಕುರ್ಚಿ ನನ್ನದಾಗಿತ್ತು. ಅಲ್ಲಿ ಕುಳಿತು ಕಂಡದ್ದನ್ನು ಹೇಳುವುದಾದರೆ, ಹಕ್ಕು ಇದ್ದವರೇ ತಪ್ಪು ಕಚೇರಿಯಲ್ಲಿ ಆರು ತಿಂಗಳು ಕಳೆದು, ಬೇಸತ್ತು, ಸಿಕ್ಕಷ್ಟಕ್ಕೆ ಸಹಿ ಹಾಕಿ ಹೋಗುತ್ತಿದ್ದರು. ಆದ್ದರಿಂದ ಬಾಗಿಲು ಆರಿಸುವ ಮೊದಲು ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ.

ಮೊದಲನೆಯದು, ನಿಮಗೆ ಬೇಕಾದದ್ದು ಏನು? ಹಣವೇ, ಕೆಲಸವೇ, ಕಾಗದವೇ? ಹಣ ಎಂದರೆ ಬಾಕಿ ಪಗಾರ, ಓವರ್‌ಟೈಮ್, ಬೋನಸ್, ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಬರುವ ಇಡಗಂಟು). ಕೆಲಸ ಎಂದರೆ ಅದೇ ಹುದ್ದೆಗೆ ಮರಳುವುದು. ಕಾಗದ ಎಂದರೆ ಅನುಭವ ಪತ್ರ, ಬಿಡುಗಡೆ ಪತ್ರ. ಮೂರೂ ಬೇಕು ಎನ್ನುವವರೇ ಹೆಚ್ಚು. ಆದರೆ ಮೂರಕ್ಕೂ ಒಂದೇ ಬಾಗಿಲಿಲ್ಲ.

ಎರಡನೆಯದು, ಕಾನೂನಿನ ಕಣ್ಣಿನಲ್ಲಿ ನೀವು ಯಾರು? 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾಯ್ದೆಗಳ ಜಾಗ ಹಿಡಿದಿವೆ. ವೇತನ ಸಂಹಿತೆಯಲ್ಲಿ 'ಉದ್ಯೋಗಿ' ಎಂಬ ಮಾತು ಹಮಾಲರಿಂದ ಮ್ಯಾನೇಜರ್‌ವರೆಗೆ ಎಲ್ಲರನ್ನೂ ಒಳಗೊಳ್ಳುತ್ತದೆ. ಕೈಗಾರಿಕಾ ಸಂಬಂಧಗಳ ಸಂಹಿತೆಯ 'ಕಾರ್ಮಿಕ' ಅಷ್ಟು ದೊಡ್ಡ ಕೊಡೆ ಅಲ್ಲ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಅದರ ಹೊರಗೆ ಉಳಿಯುತ್ತಾರೆ. ಹಣ ಕೇಳುವ ದಾರಿ ಎಲ್ಲರಿಗೂ ತೆರೆದಿದೆ, ಕೆಲಸ ಮರಳಿ ಕೇಳುವ ದಾರಿ ಎಲ್ಲರದಲ್ಲ. ನಮ್ಮ ಮುಧೋಳದ ಮೇಲ್ವಿಚಾರಕರಿಗೆ ಆಯ್ಕೆ ಅರ್ಧ ಇಲ್ಲಿಯೇ ಮುಗಿಯಿತು.

ಮೂರನೆಯದು ದಿನಾಂಕ. ವೇತನದ ಅರ್ಜಿಗೆ ಹೊಸ ಸಂಹಿತೆ ಮೂರು ವರ್ಷ ಕೊಟ್ಟಿದೆ, ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಎರಡು ವರ್ಷ. ಬಾಕಿ ನವೆಂಬರ್ 2025ಕ್ಕೂ ಹಿಂದಿನದಾದರೆ ಹಳೆಯ ಕಾಯ್ದೆಗಳ ಗಡುವಿನ ತಕರಾರು ಏಳಬಹುದು. ವೇತನ ಪಾವತಿ ಕಾಯ್ದೆಯಲ್ಲಿ ಹನ್ನೆರಡು ತಿಂಗಳು, ಕನಿಷ್ಠ ವೇತನದ್ದರಲ್ಲಿ ಆರೇ ತಿಂಗಳು ಇತ್ತು. ಹಳೆಯ ಬಾಕಿ ಇದ್ದವರು "ಮೂರು ವರ್ಷ ಇದೆಯಲ್ಲ" ಎಂದು ಕುಳಿತುಕೊಳ್ಳಬಾರದು.

ನಾಲ್ಕನೆಯದು ಖರ್ಚು. ಜನ ವಕೀಲರ ಶುಲ್ಕವನ್ನಷ್ಟೇ ಎಣಿಸುತ್ತಾರೆ. ಅಥಣಿಯಿಂದ ಬೆಳಗಾವಿಗೆ ಬಂದು ಹೋದರೆ ಒಂದು ದಿನದ ದುಡಿಮೆ ಹೋಯಿತು, ಬಸ್ಸಿನ ದುಡ್ಡು ಬೇರೆ. ಹತ್ತು ತಾರೀಖು ಎಂದರೆ ಹತ್ತು ದಿನದ ಕೂಲಿ. ಇನ್ನೊಂದು ಖರ್ಚನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಉದ್ಯಮಬಾಗ, ಮಚ್ಛೆ ಎಲ್ಲ ಸೇರಿದರೂ ಫೌಂಡ್ರಿಗಳ ಲೋಕ ಚಿಕ್ಕದು. ಯಾರು ಯಾರ ಮೇಲೆ ಅರ್ಜಿ ಹಾಕಿದ್ದಾರೆ ಎಂಬುದು ಸಂಜೆಯ ಚಹಾದ ಹೊತ್ತಿಗೆ ಪಕ್ಕದ ಗೇಟಿಗೆ ತಲುಪಿರುತ್ತದೆ. ಅದಕ್ಕೆ ಹೆದರಿ ಸುಮ್ಮನಿರಿ ಎಂದಲ್ಲ, ಲೆಕ್ಕದಲ್ಲಿ ಅದೂ ಇರಲಿ.

ಇನ್ನು ಬಾಗಿಲುಗಳು.

ಮಾಲೀಕರೊಡನೆ ನೇರ ಮಾತು

ಅಗ್ಗದ ದಾರಿ, ಒಂದು ಶರತ್ತಿನ ಮೇಲೆ: ಮಾತು ಕಾಗದದಲ್ಲಿರಬೇಕು. ಬಾಕಿಯ ತಿಂಗಳು, ಮೊತ್ತ, ಕೊನೆಯ ಕೆಲಸದ ದಿನ ಬರೆದು ರಿಜಿಸ್ಟರ್ಡ್ ಅಂಚೆಯಲ್ಲೋ ಇ-ಮೇಲ್‌ನಲ್ಲೋ ಕಳಿಸಿ. ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂಬುದು ಈಗಿನ ಕಾನೂನು. ಗ್ರಾಚ್ಯುಟಿಗೆ ಮೂವತ್ತು ದಿನ. ಈ ಎರಡು ಸಾಲು ಪತ್ರದಲ್ಲಿದ್ದರೆ ಎಷ್ಟೋ ಲೆಕ್ಕಪತ್ರ ವಿಭಾಗಗಳು ಎಚ್ಚರಗೊಳ್ಳುತ್ತವೆ. ನಾನೇ ಎಚ್ಚರಗೊಂಡಿದ್ದೇನೆ.

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಕುಂದುಕೊರತೆ ಸಮಿತಿ ಇರಬೇಕು, ದೂರನ್ನು ಅದು ಮೂವತ್ತು ದಿನಗಳಲ್ಲಿ ಮುಗಿಸಬೇಕು. ಇನ್ನೂ ಕೆಲಸದಲ್ಲಿದ್ದು ಸಂಬಂಧ ಕೆಡಿಸಿಕೊಳ್ಳಲು ಮನಸ್ಸಿಲ್ಲದವರಿಗೆ ಇದು ಒಳ್ಳೆಯದು.

ಈ ದಾರಿಯ ಅಪಾಯ ವೋಚರ್. ಅದರ ಬಗ್ಗೆ ನನ್ನದೇ ಕಥೆ ಇದೆ. "ನನ್ನ ಎಲ್ಲ ಲೆಕ್ಕವೂ ಚುಕ್ತಾ ಆಗಿದೆ, ಇನ್ನು ಯಾವುದೇ ತಕರಾರು ಇಲ್ಲ" ಎಂದು ಮೊದಲೇ ಛಾಪಿಸಿದ ಗುಲಾಬಿ ಬಣ್ಣದ ವೋಚರಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ನೂರಾರು ಜನರಿಂದ ಸಹಿ ಪಡೆದವನು ನಾನು. ಕೊನೆಗೆ ನಾನೇ ಬಿಟ್ಟು ಬರುವ ದಿನ ಅದೇ ವೋಚರನ್ನು ನನ್ನ ಮುಂದಿಟ್ಟರು. ಮುಜುಗರಕ್ಕೆ ಓದದೆ ಸಹಿ ಹಾಕಿದೆ. ಮನೆಗೆ ಬಂದು ಕೂಡಿಸಿ ನೋಡಿದರೆ ಎರಡು ವರ್ಷದ ಸೇವೆಯೇ ಲೆಕ್ಕದಿಂದ ಮಾಯ! ಇಂಥ ಸಹಿಯಿಂದ ಶಾಸನದ ಹಕ್ಕು ಸಾಯುವುದಿಲ್ಲ. ಬರಬೇಕಾದ ವೇತನವನ್ನೋ ಬೋನಸನ್ನೋ ಬಿಟ್ಟುಕೊಡುವ ಒಪ್ಪಂದ ಶೂನ್ಯ ಎಂದು ವೇತನ ಸಂಹಿತೆಯೇ ಹೇಳುತ್ತದೆ. ಆದರೆ ಆಮೇಲಿನ ಜಗಳ ದುಪ್ಪಟ್ಟು ಉದ್ದವಾಗುತ್ತದೆ. ಹಣ ತೆಗೆದುಕೊಳ್ಳಿ, ಸಹಿಯ ಮೇಲೆ ನಿಮ್ಮ ಕೈಬರಹದಲ್ಲಿ "ಲೆಕ್ಕದ ತಕರಾರು ಕಾಯ್ದಿರಿಸಿ ಸ್ವೀಕರಿಸಿದ್ದೇನೆ" ಎಂದು ಬರೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಕಾರ್ಮಿಕ ಇಲಾಖೆ

ನಿಮಗೆ ಬೇಕಾದದ್ದು ಹಣವಾದರೆ ನನ್ನ ಮೊದಲ ಆಯ್ಕೆ ಇದೇ. ತಾಲ್ಲೂಕಿನಲ್ಲಿ ಕಾರ್ಮಿಕ ನಿರೀಕ್ಷಕರು, ಜಿಲ್ಲಾ ಕೇಂದ್ರದಲ್ಲಿ ಕಾರ್ಮಿಕ ಅಧಿಕಾರಿ ಇದ್ದಾರೆ. ಇಲಾಖೆಯ ಸಹಾಯವಾಣಿ 155214. ವೇತನದ ಅರ್ಜಿಯನ್ನು ನೀವೇ ಕೊಡಬಹುದು, ನೀವು ಸದಸ್ಯರಾಗಿರುವ ನೋಂದಾಯಿತ ಸಂಘ ಕೊಡಬಹುದು, ನಿರೀಕ್ಷಕರೂ ಕೊಡಬಹುದು. ಇಪ್ಪತ್ತು ಜನರಿಗೆ ಬಾಕಿ ಇದ್ದರೆ ಒಂದೇ ಅರ್ಜಿ ಸಾಕು. ಮೊದಲು ವಕೀಲರ ನೋಟಿಸ್ ಕೊಡಲೇಬೇಕು ಎಂಬ ನಿಯಮವೇನೂ ಇಲ್ಲ.

ಇಲ್ಲಿ ಎರಡು ವಿಷಯ ಕಾರ್ಮಿಕರ ಪರ ಇವೆ. ಪಗಾರ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದು, ಕೊಟ್ಟಿಲ್ಲ ಎಂದು ತೋರಿಸುವ ಹೊಣೆ ನಿಮ್ಮದಲ್ಲ. ನೀವು ತೋರಿಸಬೇಕಾದದ್ದು ಅಲ್ಲಿ ದುಡಿದಿರಿ ಎಂಬುದನ್ನಷ್ಟೇ. ನೇಮಕಾತಿ ಪತ್ರ ಎಲ್ಲರಿಗೂ ಕಡ್ಡಾಯವಾಗಿದ್ದರೂ ಸಣ್ಣ ಕಾರ್ಖಾನೆಗಳಲ್ಲಿ ಸಿಗುವುದು ಅಪರೂಪ, ಹಾಗಾಗಿ ಪಾಸ್‌ಬುಕ್ಕಿನ ನಮೂದು, ಇಎಸ್‌ಐ ಕಾರ್ಡ್, ಗೇಟ್ ಪಾಸ್, ಮೇಸ್ತ್ರಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಎರಡನೆಯದು ವಸೂಲಿಯ ಬಲ. ವೇತನದ ಅರ್ಜಿ ತೀರ್ಮಾನಿಸುವ ಪ್ರಾಧಿಕಾರ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ಕೊಡದಿದ್ದರೆ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗಿ ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಹತ್ತು ಪಟ್ಟು ಸಿಕ್ಕೇಬಿಡುತ್ತದೆ ಎಂದು ಮನೆ ಕಟ್ಟಲು ಹೊರಡಬೇಡಿ, ಅದು ಗರಿಷ್ಠ ಮಿತಿ. ಮಾಲೀಕರನ್ನು ಮಾತಿಗೆ ಎಳೆಯುವ ಕೊಕ್ಕೆಯಾಗಿ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಸಂಹಿತೆ ಹೇಳುತ್ತದೆ. 'ಪ್ರಯತ್ನಿಸಬೇಕು' ಎಂಬ ಪದವನ್ನು ಗಮನಿಸಿ. ಹಳೆಯ ಕಾಯ್ದೆ ಹೋಗಿ ಹೊಸದು ಕಾಲೂರುತ್ತಿರುವ ಸಮಯ ಇದು, ಅಧಿಕಾರಿಯ ಪದನಾಮ, ಅರ್ಜಿಯ ನಮೂನೆ ಎರಡೂ ಬದಲಾಗುತ್ತಿವೆ. ಸೈಬರ್ ಅಂಗಡಿಯವರು ಕೊಡುವ ಹಳೆಯ ನಮೂನೆ ತುಂಬಬೇಡಿ, ಈಗ ಯಾವುದು ನಡೆಯುತ್ತಿದೆ ಎಂದು ಕಚೇರಿಯಲ್ಲೇ ಕೇಳಿ. ಅರ್ಜಿ ಕೊಟ್ಟಾಗ ಮೊಹರು ಹಾಕಿದ ಸ್ವೀಕೃತಿ ಇಲ್ಲದೆ ಹೊರಗೆ ಬರಬೇಡಿ.

ಗುತ್ತಿಗೆ ಕಾರ್ಮಿಕರಿಗೆ ಒಂದು ಮಾತು: ಅರ್ಜಿಯಲ್ಲಿ ಗುತ್ತಿಗೆದಾರನ ಹೆಸರಷ್ಟೇ ಬರೆದರೆ ಅವನು ಹಂಗಾಮು ಮುಗಿಸಿ ಮಾಯವಾಗಿರುತ್ತಾನೆ. ಅವನು ಕೊಡದ ಪಗಾರಕ್ಕೆ ಕಾರ್ಖಾನೆಯೂ ಹೊಣೆ, ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಕೂಡಗಿಯ ವಿದ್ಯುತ್ ಸ್ಥಾವರದಂಥ ಕೇಂದ್ರ ಸರ್ಕಾರಿ ಉದ್ಯಮ, ಬ್ಯಾಂಕು, ರೈಲ್ವೆ, ಗಣಿ ಇವುಗಳಲ್ಲಿ ದುಡಿಯುವವರು, ಅಲ್ಲಿನ ಗುತ್ತಿಗೆಯವರೂ ಸೇರಿ, ಹೋಗಬೇಕಾದದ್ದು ಕೇಂದ್ರ ಕಾರ್ಮಿಕ ಇಲಾಖೆಗೆ. ವಿಜಯಪುರದ ರಾಜ್ಯ ಕಚೇರಿಯಲ್ಲಿ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದವರನ್ನು ಕಂಡಿದ್ದೇನೆ.

ಗ್ರಾಚ್ಯುಟಿಯ ಲೆಕ್ಕವನ್ನು ಮನೆಯಲ್ಲೇ ಮಾಡಿ. ಕೊನೆಯ ಮಾಸಿಕ ವೇತನವನ್ನು ಹದಿನೈದರಿಂದ ಗುಣಿಸಿ, ಇಪ್ಪತ್ತಾರರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆರು ತಿಂಗಳು ಮೀರಿದ ತುಂಡು ವರ್ಷವೂ ಪೂರ್ತಿ ವರ್ಷ. ನಮ್ಮ ಮೋಲ್ಡರ್‌ಗೆ ಒಟ್ಟು 22,000 ಬರುತ್ತಿತ್ತು. ಚೀಟಿಯಲ್ಲಿ ಮೂಲ ವೇತನ 8,000, ಉಳಿದ 14,000 ಮನೆ ಬಾಡಿಗೆ, ಪ್ರಯಾಣ ಎಂಬ ಭತ್ಯೆಗಳು. ಮಾಲೀಕರ ಲೆಕ್ಕದಲ್ಲಿ ಏಳು ವರ್ಷಕ್ಕೆ 32,307 ರೂಪಾಯಿ. ಹೊಸ ವ್ಯಾಖ್ಯಾನದ ಪ್ರಕಾರ ಇಂಥ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರುವಂತಿಲ್ಲ, ಮೀರಿದ್ದು ವೇತನಕ್ಕೆ ಸೇರುತ್ತದೆ. ವೇತನ 11,000 ಆಯಿತು, ಗ್ರಾಚ್ಯುಟಿ 44,423. ಹನ್ನೆರಡು ಸಾವಿರದ ವ್ಯತ್ಯಾಸ ಒಂದು ಚೀಟಿಯ ಎರಡು ಅಂಕಣಗಳ ನಡುವೆ ಅಡಗಿತ್ತು. ಐದು ವರ್ಷ ತುಂಬಿಲ್ಲವೆಂದು ಎಲ್ಲರೂ ಕೈಬಿಡಬೇಕಾಗಿಲ್ಲ. ನಿಗದಿತ ಅವಧಿಯ ನೇಮಕವಾಗಿದ್ದರೆ ಒಂದು ವರ್ಷಕ್ಕೇ ಹಕ್ಕು ಹುಟ್ಟುತ್ತದೆ.

ಸಂಧಾನ ಮತ್ತು ಕಾರ್ಮಿಕ ನ್ಯಾಯಾಲಯ

ನಿಮಗೆ ಕೆಲಸವೇ ಮರಳಿ ಬೇಕಾದರೆ ದಾರಿ ಇದು. ಮೊದಲ ಮೆಟ್ಟಿಲು ಸಂಧಾನಾಧಿಕಾರಿ. ಇಲ್ಲಿ ಎರಡೂ ಕಡೆ ವಕೀಲರಿಗೆ ಪ್ರವೇಶವಿಲ್ಲ, ಬೆಳಗಾವಿಯ ಅತಿ ದುಬಾರಿ ವಕೀಲರನ್ನು ಇಟ್ಟುಕೊಂಡ ಮಾಲೀಕರೂ ತಾವೇ ಬರಬೇಕು ಅಥವಾ ಸಿಬ್ಬಂದಿಯನ್ನು ಕಳಿಸಬೇಕು. ನಾನು ಹಾಗೆ ಹೋಗಿ ಬೆವರಿದ್ದೇನೆ. ಅರ್ಜಿ ಕೊಟ್ಟು ನಲವತ್ತೈದು ದಿನ ಕಳೆದರೂ ಒಪ್ಪಂದವಾಗದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು, ಸರ್ಕಾರದ ಅಪ್ಪಣೆಗೆ ಕಾಯಬೇಕಿಲ್ಲ. ಹೊಸ ನ್ಯಾಯಮಂಡಳಿಗಳು ರಚನೆಯಾಗುವವರೆಗೆ ಹಳೆಯ ಕಾರ್ಮಿಕ ನ್ಯಾಯಾಲಯಗಳೇ ನಡೆಸುತ್ತವೆ. ವಿಜಯಪುರದಲ್ಲಿ ಅಂಥ ನ್ಯಾಯಾಲಯವಿದೆ.

ಒಳಿತು: ಗೆದ್ದರೆ ಕೆಲಸ, ಹಿಂಬಾಕಿ, ಸೇವಾ ನಿರಂತರತೆ ಮೂರೂ ಬರಬಹುದು. ಕೆಡುಕು: ಕಾಲ. ತೀರ್ಪಿನ ಮೇಲೆ ಮಾಲೀಕರು ಹೈಕೋರ್ಟಿಗೆ ಹೋದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಆ ಅವಧಿಯಲ್ಲಿ ನೀವು ಬೇರೆಲ್ಲೂ ದುಡಿಯದಿದ್ದರೆ ಕೊನೆಯ ಪಗಾರವನ್ನು ಮಾಲೀಕರು ಕೊಡುತ್ತಿರಬೇಕು ಎಂಬ ರಕ್ಷಣೆ ಇದೆ. ಆದರೂ ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಅಂದದ್ದು ಕಚೇರಿಯ ಮೆಟ್ಟಿಲು ಸವೆಸಿಯೇ ಇರಬೇಕು. ನಲವತ್ತು ದಾಟಿದ, ಬೇರೆ ಕಡೆ ಅಷ್ಟು ಪಗಾರ ಸಿಗದ ಖಾಯಂ ನೌಕರರಿಗೆ ಈ ದಾರಿ ಸರಿ. ಇಪ್ಪತ್ತೈದರ ವೆಲ್ಡರ್‌ಗೆ ನಾನು ಹೇಳುವುದಿಲ್ಲ. ಆತ ಬೇರೆ ಕೆಲಸ ಹಿಡಿದು ಹಣದ ಅರ್ಜಿ ನಡೆಸುವುದೇ ಲೇಸು. ಒಂದು ವರ್ಷ ತುಂಬಿದವರನ್ನು ಕೆಲಸ ಕಡಿಮೆಯಾಯಿತೆಂದು ತೆಗೆದಿದ್ದರೆ ತಿಂಗಳ ನೋಟಿಸ್ ಮತ್ತು ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಪರಿಹಾರ ಕೇಳಲು ಮರೆಯಬೇಡಿ.

ಕಾನೂನು ಸೇವಾ ಪ್ರಾಧಿಕಾರ

ಇದನ್ನು ಜನ ಕಡೆಗಣಿಸುವುದು ನನಗೆ ಅಚ್ಚರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಚೇರಿ ಇರುತ್ತದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಸಮಿತಿ ಇರುತ್ತದೆ, ದೂರವಾಣಿ 15100. ಅಥಣಿ, ಜಮಖಂಡಿ, ಇಂಡಿಯವರಿಗೆ ಊರಿನ ಹತ್ತಿರವೇ ಕೆಲಸವಾಗುತ್ತದೆ ಎಂಬುದು ಇದರ ದೊಡ್ಡ ಲಾಭ.

ಈ ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಬಲವೂ ಅದೇ, ಅಪಾಯವೂ ಅದೇ. ಮಾಲೀಕರು ಎಳೆದಾಡುವಂತಿಲ್ಲ, ನೀವು "ಕಡಿಮೆಯಾಯಿತು" ಎಂದು ಹಿಂದೆ ಸರಿಯುವಂತೆಯೂ ಇಲ್ಲ. ಮೇಲಿನ ಗ್ರಾಚ್ಯುಟಿ ಲೆಕ್ಕ ಜೇಬಿನಲ್ಲಿ ಇಲ್ಲದೆ ಆ ಮೇಜಿಗೆ ಕೂರಬೇಡಿ. ನಿಮಗೆ ಕೊಡುವ ವಕೀಲರಿಗೆ ಕಾರ್ಮಿಕ ಪ್ರಕರಣಗಳ ಅನುಭವ ಇದೆಯೇ ಎಂದು ಕೇಳುವುದು ಅವಮಾನವಲ್ಲ. ಕೇಳಿ.

ಖಾಸಗಿ ವಕೀಲರು

ದೊಡ್ಡ ಮೊತ್ತ, ಮ್ಯಾನೇಜರ್ ದರ್ಜೆ, ಕರಾರಿನ ಜಗಳ, ನಿಮ್ಮ ಮೇಲೆ ಹಾಕಿದ ಕಳವಿನ ಆರೋಪ ಇಂಥವಕ್ಕೆ ಹಣ ಕೊಟ್ಟು ವಕೀಲರನ್ನು ಇಡುವುದೇ ಸರಿ. ನಲವತ್ತು ಸಾವಿರದ ಬಾಕಿಗೆ ಬೇಡ. "ಬಂದದ್ದರಲ್ಲಿ ಮೂವತ್ತು ಪರ್ಸೆಂಟ್ ನನಗೆ" ಎನ್ನುವವರಿಂದ ದೂರವಿರಿ. ಪ್ರಕರಣದ ಫಲದ ಮೇಲೆ ಶುಲ್ಕ ನಿಗದಿಪಡಿಸುವುದನ್ನು ವಕೀಲರ ಪರಿಷತ್ತಿನ ನಿಯಮವೇ ತಡೆದಿದೆ. ಶುಲ್ಕ ಎಷ್ಟು, ಯಾವ ಹಂತದವರೆಗೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ಸಂಘದ ದಾರಿ ಹತ್ತಾರು ಜನರ ಸಮಾನ ದೂರಿಗೆ ಒಳ್ಳೆಯದು, ಒಬ್ಬರ ವಜಾಕ್ಕೆ ಸಂಘ ಅನಿವಾರ್ಯವಲ್ಲ. ಸಿಟ್ಟಿನಲ್ಲಿ ಗೇಟಿನ ಮುಂದೆ ಕೂರುವ ಮೊದಲು ನೆನಪಿಡಿ: ಮುಷ್ಕರಕ್ಕೆ ಈಗ ಎಲ್ಲ ಕಾರ್ಖಾನೆಗಳಲ್ಲೂ ಹದಿನಾಲ್ಕು ದಿನದ ನೋಟಿಸ್ ಬೇಕು, ಅರ್ಧದಷ್ಟು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಪೊಲೀಸ್ ಠಾಣೆಯ ಮಾತು ಬಿಡಿ, ಪಗಾರ ವಸೂಲಿ ಅವರ ಕೆಲಸವಲ್ಲ. ಭವಿಷ್ಯನಿಧಿ ಕಟ್ಟಿಲ್ಲವೆಂಬ ದೂರು ಭವಿಷ್ಯನಿಧಿ ಸಂಘಟನೆಗೇ ಹೋಗಬೇಕು, ಪಾಸ್‌ಬುಕ್ಕನ್ನು ಇಂದೇ ತೆರೆದು ನೋಡಿ.

ಮೇಜಿನ ಆಚೆ ಇರುವವರಿಗೆ

ಹೊಸದಾಗಿ ನಾಲ್ಕು ಯಂತ್ರ ಹಾಕಿದ ಮಾಲೀಕರೂ ಇದನ್ನು ಓದುತ್ತಿರಬಹುದು. ಅರ್ಜಿಯ ನೋಟಿಸ್ ಬಂದಾಗ ನಿಮ್ಮ ಮುಂದೆಯೂ ಆಯ್ಕೆ ಇದೆ: ಹೋರಾಡುವುದು, ಅಥವಾ ಮೊದಲ ತಾರೀಖಿಗೇ ಲೆಕ್ಕ ಮಾಡಿ ಮುಗಿಸುವುದು. ನಿಮ್ಮ ಬಳಿ ಹಾಜರಿ ಪುಸ್ತಕ, ವೇತನ ಚೀಟಿ, ಬ್ಯಾಂಕ್ ವರ್ಗಾವಣೆಯ ದಾಖಲೆ ಇದ್ದರೆ ಹೋರಾಡಿ. ನಗದು ಕೊಟ್ಟು ಡೈರಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದರೆ ರುಜುವಾತಿನ ಹೊರೆ ನಿಮ್ಮ ತಲೆಯ ಮೇಲೆ ಬೀಳುತ್ತದೆ, ರಾಜಿಯೇ ಅಗ್ಗ. ಕಡಿಮೆ ಪಗಾರ ಕೊಟ್ಟ ಮೊದಲ ತಪ್ಪಿಗೆ 50,000 ರೂಪಾಯಿವರೆಗೆ ದಂಡ, ಐದು ವರ್ಷದೊಳಗೆ ಮರುಕಳಿಸಿದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಪಗಾರ ಮುಂದಿನ ತಿಂಗಳ ಏಳರೊಳಗೆ, ಬ್ಯಾಂಕಿನ ಮೂಲಕ: ಇಷ್ಟು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಆ ಮೂವರ ವಿಷಯಕ್ಕೆ ಬರುತ್ತೇನೆ. ಮೋಲ್ಡರ್‌ಗೆ ನಲವತ್ತಾರು ವರ್ಷ, ಮಚ್ಛೆಯಲ್ಲಿ ಬೇರೆ ಫೌಂಡ್ರಿ ಕರೆದಿದೆ. ಕೆಲಸ ಮರಳಿ ಬೇಡ ಎಂದರು, ಸಂಧಾನದಲ್ಲಿ ಪರಿಹಾರ ಮತ್ತು ಗ್ರಾಚ್ಯುಟಿ ಕೇಳುವುದೆಂದು ತೀರ್ಮಾನಿಸಿದರು. ಮೇಲ್ವಿಚಾರಕರು ವೇತನದ ಅರ್ಜಿಯಲ್ಲಿ ಗುತ್ತಿಗೆದಾರನ ಜೊತೆ ಕಾರ್ಖಾನೆಯ ಹೆಸರನ್ನೂ ಬರೆದರು. ನೇಕಾರರ ಬಳಿ ಏನೂ ದಾಖಲೆ ಇಲ್ಲವೆಂದೇ ಅವರು ನಂಬಿದ್ದರು. ಮಾತಿನ ನಡುವೆ ಅಂಗಿಯ ಜೇಬಿನಿಂದ ಚಿಕ್ಕ ನೋಟ್‌ಬುಕ್ ತೆಗೆದರು. ದಿನಾಂಕ, ಇಳಿಸಿದ ಸೀರೆಗಳ ಸಂಖ್ಯೆ, ಪಕ್ಕದಲ್ಲಿ ವಾರಕ್ಕೊಮ್ಮೆ ಮಾಲೀಕರ ಮಗನ ನೀಲಿ ಶಾಯಿಯ ಟಿಕ್ ಗುರುತು. ಮುಂಗಡದ ಬಾಬ್ತಿಗಾಗಲಿ ಬೇರೆ ಯಾವುದಕ್ಕಾಗಲಿ ಒಂದು ಅವಧಿಯ ಮಜೂರಿಯ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಆ ಟಿಕ್ ಗುರುತುಗಳಿದ್ದ ಹದಿನೆಂಟು ಪುಟಗಳನ್ನು ಅದೇ ಸಂಜೆ ಎರಡು ಪ್ರತಿ ಝೆರಾಕ್ಸ್ ಮಾಡಿಸಿದೆವು.